ಪೆಟ್ರೋಲ್ ಬಂಕ್ ಈಗ ಮಾಡಿನ ಮೇಲೆ!

ಮನೆ ಮಾಡಿನ ಮೇಲೆ ಸೋಲಾರ್ ಹಾಕಿಸಿ, ಅದರಲ್ಲೇ ಕಾರು ಚಾರ್ಜ್ ಮಾಡ್ಕೊಂಡ್ರೆ ಹೇಗೆ? ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯವರು ಈ ಪ್ರಶ್ನೆ ಕೇಳಿದ್ರೆ ಬಹಳ ಜನ ನಗ್ತಾರೆ. ಮಳೆ ಊರಲ್ಲಿ ಸೋಲಾರಾ ಅಂತ. ನಾನು ನಗೋದಿಲ್ಲ ಸ್ವಾಮಿ. ಈ ಪ್ರಶ್ನೆಯ ಹಿಂದೆ ನೂರು ವರ್ಷಕ್ಕೂ ಹಳೆಯದಾದ ಒಂದು ಲೆಕ್ಕ ಬಾಕಿ ಇದೆ.

1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ಕರೆಂಟ್ ಹುಟ್ಟಿತು. ಮೊದಲು ಹೋಗಿದ್ದೆಲ್ಲಿಗೆ? ಪಕ್ಕದ ಹಳ್ಳಿಗಲ್ಲ. ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಆಮೇಲೆ, 1905ರಲ್ಲಿ ಬೆಂಗಳೂರಿಗೆ. ನದಿ ಹರಿಯೋ ಊರು ಒಂದು, ದೀಪ ಉರಿಯೋ ಊರು ಇನ್ನೊಂದು. ಈ ಪದ್ಧತಿ ಅಲ್ಲಿಂದಲೇ ಶುರು.

ಮಲೆನಾಡಿಗೂ ಅದೇ ಆಯ್ತು. ಶರಾವತಿಗೆ ಲಿಂಗನಮಕ್ಕಿ ಕಟ್ಟಿದ್ರು, ಸಾವಿರಾರು ಕುಟುಂಬ ಎದ್ದು ಹೋದವು. ಭದ್ರೆಗೆ ಲಕ್ಕವಳ್ಳಿಯಲ್ಲಿ ಅಣೆಕಟ್ಟು ಬಂತು. ಹಿನ್ನೀರಲ್ಲಿ ನರಸಿಂಹರಾಜಪುರ ಸೀಮೆಯ ಗದ್ದೆ, ತೋಟ, ಹಳ್ಳಿಗಳು ಮುಳುಗಿದವು. ನೀರು ಬಯಲುಸೀಮೆಗೆ ಹರೀತು. ದಾವಣಗೆರೆ ಕಡೆ ಭತ್ತ ಬೆಳೀತು, ಒಳ್ಳೇದೇ ಆಯ್ತು. ಆದ್ರೆ ಕಳಕೊಂಡವರಿಗೆ ಏನು ಬಂತು ಅಂತ ಕೇಳೋದು ತಪ್ಪಲ್ಲ, ಅಲ್ವಾ?

ಇನ್ನು ರಸ್ತೆಯ ಕಥೆ. ನರಸಿಂಹರಾಜಪುರಕ್ಕೆ ಒಂದು ಕಾಲದಲ್ಲಿ ತರೀಕೆರೆಯಿಂದ ಪುಟ್ಟ ರೈಲು ಬರ್ತಿತ್ತು. ಅದು ನಿಂತು ಹೋಯ್ತು. ಆಮೇಲೆ ಈ ಮೂರೂ ತಾಲ್ಲೂಕಿಗೆ ಬಸ್ಸೇ ಗತಿ. 1991ರಲ್ಲಿ ಕೊಪ್ಪದಲ್ಲಿ ಬಸ್ ಕಾರ್ಮಿಕರೇ ಸೇರಿ ಸಹಕಾರ ಸಾರಿಗೆ ಕಟ್ಟಿದ್ರು. ಡ್ರೈವರೂ ಮಾಲೀಕ, ಕಂಡಕ್ಟರೂ ಮಾಲೀಕ! ಕಾಡಿನ ನಡುವಿನ ಊರುಗಳಿಗೆಲ್ಲ ಆ ಬಸ್ಸು ಹೋಗ್ತಿತ್ತು. 2020ರಲ್ಲಿ ಅದೂ ನಿಂತಿತು. ಕಾರಣ ಹಲವು. ಏರುತ್ತಲೇ ಹೋದ ಡೀಸೆಲ್ ಬೆಲೆ ಅದರಲ್ಲೊಂದು. ಬಸ್ಸು ನಮ್ಮದಾದ್ರೂ ಎಣ್ಣೆ ನಮ್ಮದಲ್ಲ. ನನಗೆ ಈ ಇತಿಹಾಸದಲ್ಲಿ ಕಾಣೋ ಪಾಠ ಇದೇ.

ಈಗ ಕರೆಂಟ್ ಕಾರಿಗೆ ಬನ್ನಿ. ಇದೇನು ನಿನ್ನೆ ಮೊನ್ನೆಯದಲ್ಲ. ಹೆನ್ರಿ ಫೋರ್ಡ್ ಪೆಟ್ರೋಲ್ ಕಾರು ಮಾರ್ತಿದ್ದಾಗ ಅವರ ಹೆಂಡತಿ ಕ್ಲಾರಾ ಓಡಿಸ್ತಿದ್ದಿದ್ದು 1914ರ ಡೆಟ್ರಾಯಿಟ್ ಎಲೆಕ್ಟ್ರಿಕ್! ನಮ್ಮ ಬೆಂಗಳೂರಲ್ಲೇ 2001ರಲ್ಲಿ ರೇವಾ ಬಂತು. ಮನೆಯ 15 ಆಂಪಿಯರ್ ಪ್ಲಗ್ಗಿಗೆ ಸಿಕ್ಕಿಸಿದ್ರೆ ಸಾಕಿತ್ತು. ಲಂಡನ್ ಬೀದಿಯಲ್ಲೂ ಓಡಿತು. ನಾವು ಮಾತ್ರ ಆಟಿಕೆ ಕಾರು ಅಂತ ನಕ್ಕೆವು. 2017ರಲ್ಲಿ ಎಲೆಕ್ಟ್ರಿಕ್ ವಾಹನ ನೀತಿ ತಂದ ದೇಶದ ಮೊದಲ ರಾಜ್ಯವೂ ಕರ್ನಾಟಕವೇ.

2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಂ ಸೂರ್ಯ ಘರ್ ಯೋಜನೆ ಆರಂಭಿಸಿತು. ಮನೆಗೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದ್ರೆ 78,000 ರೂಪಾಯಿ ಸಬ್ಸಿಡಿ. ಒಳ್ಳೆ ಬಿಸಿಲಿದ್ರೆ ದಿನಕ್ಕೆ 12 ಯೂನಿಟ್ ಹತ್ತಿರ ಹುಟ್ಟುತ್ತೆ. ಒಂದು ಯೂನಿಟ್‌ಗೆ ಕಾರು 6 ಕಿಲೋಮೀಟರ್ ಓಡುತ್ತೆ ಅಂತಿಟ್ಕೊಳ್ಳಿ. ಕೊಪ್ಪದಿಂದ ಶೃಂಗೇರಿಗೆ ಹೋಗಿ ಬರೋಕೆ ಹೆಚ್ಚುಕಡಿಮೆ 60 ಕಿಲೋಮೀಟರ್. ಅಂದ್ರೆ 10 ಯೂನಿಟ್. ಅದೇ ದಾರಿಗೆ ಪೆಟ್ರೋಲ್ ಆದ್ರೆ 4 ಲೀಟರ್, 400 ರೂಪಾಯಿ ಮೇಲೆ.

ಹಂಗಂತ ಓಡಿಹೋಗಿ ಹಾಕಿಸಬೇಡಿ. ಮೂರು ಮಾತು ಕೇಳಿ. ಒಂದು, ಜೂನ್‌ನಿಂದ ಆಗಸ್ಟ್‌ವರೆಗೆ ಆ ಊರುಗಳಲ್ಲಿ ಸೂರ್ಯ ಅಪರೂಪದ ನೆಂಟ. ಎರಡು, ಹಗಲು ಕಾರು ಹೊರಗಿರುತ್ತೆ, ಚಾರ್ಜ್ ಮಾಡೋದು ರಾತ್ರಿ. ಹಗಲಿನ ಕರೆಂಟನ್ನ ಮೆಸ್ಕಾಂಗೆ ಕೊಟ್ಟು ರಾತ್ರಿ ವಾಪಸ್ ತಗೋಬೇಕು, ಅದಕ್ಕೆ ನೆಟ್ ಮೀಟರ್ ಬೇಕೇ ಬೇಕು. ಮೂರು, ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ. ಬ್ಯಾಟರಿ ಇಲ್ಲದ ಸೋಲಾರ್, ಲೈನ್ ಕರೆಂಟ್ ಹೋದ ತಕ್ಷಣ ತಾನೂ ನಿಲ್ಲುತ್ತೆ! ಕಂಬದ ಮೇಲಿರೋ ಲೈನ್‌ಮನ್‌ಗೆ ಶಾಕ್ ಹೊಡೀಬಾರ್ದು ಅಂತ ಮಾಡಿರೋ ವ್ಯವಸ್ಥೆ ಅದು. ಸರಿಯಾದ್ದೇ. ಆದ್ರೆ ಗಾಳಿಮಳೆಗೆ ಮರ ಬಿದ್ದು ದಿನಗಟ್ಟಲೆ ಲೈನ್ ಹೋಗೋ ಊರಲ್ಲಿ ಏನು ಮಾಡೋದು? ಮಾಡಿನ ಮೇಲೆ ಬಿಸಿಲು, ಅಂಗಳದಲ್ಲಿ ಕಾರು, ನಡುವೆ ಸತ್ತ ತಂತಿ. ತುರ್ತಿಗೆ ಆಸ್ಪತ್ರೆಗೆ ಹೊರಡಬೇಕಾದವರು ಯಾರನ್ನ ಕೇಳ್ಬೇಕು?

ಅದಕ್ಕೇ ನಾನು ಹೇಳೋದು ಇಷ್ಟು. ಸಬ್ಸಿಡಿ ಕೊಟ್ರೆ ಸರ್ಕಾರದ ಕೆಲಸ ಮುಗೀಲಿಲ್ಲ. ಮಲೆನಾಡಿನ ಲೈನ್ ಗಟ್ಟಿ ಮಾಡಿ. ಕಾಡು ದಾಟೋ ಕಡೆ ಹೊದಿಕೆ ತಂತಿ ಎಳೀರಿ. ಮನೆ ಬ್ಯಾಟರಿಗೂ ನೆರವು ಕೊಡಿ. ಒಂಟಿ ಮನೆಗೆ ಹೊರೆಯಾದ್ರೆ ಸಹಕಾರಿ ಸಂಘದ ಮಾಡಿನ ಮೇಲೆ ಹಾಕಿಸಿ, ಊರಿನ ಆಟೋ, ಜೀಪು ಅಲ್ಲೇ ಚಾರ್ಜ್ ಆಗ್ಲಿ. ಸಹಕಾರ ಅಂದ್ರೇನು ಅಂತ ಕೊಪ್ಪದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಾಡಿಗೆ ಬೆಳಕು ಕೊಡೋಕೆ ನದಿ ಬಿಟ್ಟುಕೊಟ್ಟ ಜನ ಇವರು. ತಮ್ಮ ಮಾಡಿನ ಬಿಸಿಲಾದ್ರೂ ತಮ್ಮ ಅಂಗಳಕ್ಕೆ ಇಳೀಲಿ ಅಂತ ಕೇಳಿದ್ರೆ, ಅದು ಹೆಚ್ಚಾಯ್ತಾ? ನೀವೇ ಹೇಳಿ.