ಉದ್ಯೋಗದ ಕಾಲಂನಲ್ಲಿ

ಭಟ್ಕಳದ ನನ್ನ ತವರುಮನೆಯ ಅಂಗಳದಲ್ಲಿ ಮಲ್ಲಿಗೆ ಗಿಡಗಳಿದ್ದವು. ಆಯಿ ಬೆಳಗಿನ ಜಾವವೇ ಎದ್ದು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಬಿಸಿಲೇರುವ ಮೊದಲೇ ಮಾರುವವರ ಕೈಗೆ ಕೊಡುತ್ತಿದ್ದಳು. ನನ್ನ ಶಾಲೆಯ ಪುಸ್ತಕಗಳೆಲ್ಲ ಆ ದುಡ್ಡಿನವು. ಆದರೂ ಯಾರಾದರೂ ಕೇಳಿದರೆ ಅಪ್ಪ ಹೇಳುತ್ತಿದ್ದುದು ಒಂದೇ ಮಾತು: “ಅವಳು ಮನೇಲೇ ಇರ್ತಾಳೆ.”

ಮದುವೆಯಾಗಿ ಹೊನ್ನಾವರಕ್ಕೆ ಬಂದ ಮೇಲೆ ನಾನೂ ಮನೆಯಲ್ಲೇ ಇದ್ದೇನೆ. ಕುಮಟೆಯ ಮುದ್ರಣಾಲಯವೊಂದಕ್ಕೆ ಕರಡು ತಿದ್ದಿಕೊಡುತ್ತೇನೆ, ಸಂಘಸಂಸ್ಥೆಗಳ ಸ್ಮರಣ ಸಂಚಿಕೆ ಸಿದ್ಧಮಾಡುತ್ತೇನೆ, ಪತ್ರಿಕೆಗಳಿಗೆ ಬರೆಯುತ್ತೇನೆ. ಮೊದಲು ಮನಿಯಾರ್ಡರಿನಲ್ಲಿ ಬರುತ್ತಿದ್ದ ಸಂಭಾವನೆ ಈಗ ಬ್ಯಾಂಕಿಗೆ ಬರುತ್ತದೆ. ಕೆಲವೊಮ್ಮೆ ಬರುವುದೇ ಇಲ್ಲ. ಮಧ್ಯಾಹ್ನ ಎಲ್ಲರ ಊಟವಾದ ಮೇಲಿನ ಎರಡು ಗಂಟೆಯೇ ನನ್ನ ಕಚೇರಿ. ಅಷ್ಟರಲ್ಲೂ ಕೊರಿಯರ್‌ನವನು, ಪಕ್ಕದ ಮನೆಯವರ ಬೀಗದ ಕೈ, ನೆಂಟರು. “ನೀವು ಹೇಗೂ ಮನೇಲೇ ಇರ್ತೀರಲ್ಲ!”

ಈಚೆಗೆ ಒಂದು ಕಚೇರಿಯಲ್ಲಿ ಅರ್ಜಿ ತುಂಬುವಾಗ ‘ಉದ್ಯೋಗ’ ಎಂಬಲ್ಲಿ ಪೆನ್ನು ನಿಂತಿತು. ಗುಮಾಸ್ತರು, “ಗೃಹಿಣಿ ಅಂತ ಬರೀರಿ ಅಮ್ಮ” ಅಂದರು. ಹಾಗೆಯೇ ಬರೆದು ಬಂದೆ. ಮನೆಗೆ ಬಂದರೂ ಅದು ಮನಸ್ಸಿನಿಂದ ಹೋಗಲಿಲ್ಲ. ಬರೆಯುವವರ ಹೊಟ್ಟೆಪಾಡು ಹಿಂದೆ ಹೇಗೆ ನಡೆಯುತ್ತಿತ್ತು ಎಂದು ಯೋಚಿಸತೊಡಗಿದೆ.

ನಮ್ಮ ಭಟ್ಕಳ ಸೀಮೆಯ ಹಾಡುವಳ್ಳಿಯ ಜೈನ ಪರಂಪರೆಗೆ ಸೇರಿದ ಭಟ್ಟಾಕಳಂಕ 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ ಎಂಬ ವ್ಯಾಕರಣ ಬರೆದ. ಅಂಥ ಪಂಡಿತರ ಬೆನ್ನಿಗೆ ಮಠವಿತ್ತು. ಕುಮಟಾ ತಾಲೂಕಿನ ಗೋಕರ್ಣದಲ್ಲಿದ್ದು ಜೀವನವಿಡೀ ಬರೆದ ಗೌರೀಶ ಕಾಯ್ಕಿಣಿಯವರಿಗೆ ಮಾಸ್ತರಿಕೆಯ ಸಂಬಳವಿತ್ತು. ಮಠವೂ ಇಲ್ಲದ, ಸಂಬಳವೂ ಇಲ್ಲದ ಹೆಂಗಸು ಏನು ಮಾಡಬೇಕು?

ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಮ್ಮ ಕರಾವಳಿಯಲ್ಲಲ್ಲ, ಮೈಸೂರು ಸೀಮೆಯ ನಂಜನಗೂಡಿನಲ್ಲಿ. 1887ರಲ್ಲಿ ಹುಟ್ಟಿದ ತಿರುಮಲಾಂಬ ಬಾಲ್ಯದಲ್ಲೇ ಮದುವೆಯಾಗಿ, ಹದಿನಾಲ್ಕರ ಸುಮಾರಿಗೆ ವಿಧವೆಯಾದವರು. ಆ ಕಾಲದಲ್ಲಿ ಅಂಥ ಹುಡುಗಿಗೆ ಉಳಿಯುತ್ತಿದ್ದುದು ಹಿತ್ತಲ ಕೋಣೆ. ವಕೀಲರಾಗಿದ್ದ ತಂದೆ ಮಗಳ ಕೈಗೆ ಪುಸ್ತಕ ಕೊಟ್ಟರು. 1913ರಲ್ಲಿ ಆಕೆ ‘ಸತೀಹಿತೈಷಿಣಿ’ ಗ್ರಂಥಮಾಲೆ ಆರಂಭಿಸಿ, ‘ಸುಶೀಲೆ’ ಕಾದಂಬರಿಯನ್ನು ತಾವೇ ಪ್ರಕಟಿಸಿದರು. ಮುಂದೆ ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆ ನಡೆಸಿದರು. ಮನೆಯಿಂದ ಹೊರಗೆ ಹೋಗುವುದೇ ಕಷ್ಟವಾಗಿದ್ದವಳು ಮನೆಯನ್ನೇ ಪ್ರಕಾಶನದ ಕಚೇರಿ ಮಾಡಿಕೊಂಡರು! ಕನ್ನಡದ ಮೊದಲ ಪತ್ರಕರ್ತೆ, ಪ್ರಕಾಶಕಿ ಎಂದು ಇಂದು ಅವರನ್ನು ಗೌರವದಿಂದ ನೆನೆಯುತ್ತಾರೆ.

ಆದರೆ ಈ ಕತೆಯ ಕೊನೆ ನನ್ನನ್ನು ಹೆಚ್ಚು ಕಾಡುತ್ತದೆ. ತಿರುಮಲಾಂಬ 1982ರವರೆಗೆ ಬದುಕಿದ್ದರು. ಕೊನೆಯ ದಶಕಗಳಲ್ಲಿ ಅವರು ಬರೆಯಲಿಲ್ಲ, ಓದುಗರೂ ಮರೆತಿದ್ದರು. ಮನೆಯಲ್ಲಿ ಕೂತು ಮಾಡಿದ ಕೆಲಸ ಎಷ್ಟು ಬೇಗ ಕಣ್ಮರೆಯಾಗುತ್ತದೆ! ಅಚ್ಚಾದ ಪುಸ್ತಕಕ್ಕೇ ಈ ಗತಿಯಾದರೆ, ಸಂಜೆಗೆ ಬಾಡುವ ಹೂವಿನ ಲೆಕ್ಕ ಇಟ್ಟವರು ಯಾರು?

ಈಗ ನಾನೊಂದು ನೋಟ್‌ಬುಕ್ ಇಟ್ಟಿದ್ದೇನೆ. ಯಾವ ಕೆಲಸ, ಎಷ್ಟು ಪುಟ, ಎಷ್ಟು ಬಂತು, ಎಷ್ಟು ಬಾಕಿ ಎಂದು ಬರೆಯುತ್ತೇನೆ. ದೊಡ್ಡ ಮೊತ್ತವೇನಲ್ಲ. ಆ ಎರಡು ಗಂಟೆ ಬಾಗಿಲು ಮುಂದೆ ಮಾಡಿಕೊಳ್ಳುತ್ತೇನೆ. ಅತ್ತೆಯವರೇ ಬಂದವರಿಗೆ, “ಅವಳು ಕೆಲಸದ ಮೇಲಿದ್ದಾಳೆ” ಎನ್ನುವುದನ್ನು ಕಲಿತಿದ್ದಾರೆ. ಮುಂದಿನ ಅರ್ಜಿಯಲ್ಲಿ ‘ಬರವಣಿಗೆ’ ಎಂದೇ ಬರೆಯುತ್ತೇನೆ.

ಆಯಿಯ ಹಳೆಯ ಕಾಗದಗಳನ್ನು ತಿದ್ದಲು ಬರುವುದಿಲ್ಲ. ಆದರೆ ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅವಳ ಹೆಸರು ಬರೆದು, ಮುಂದೆ ‘ಹೂವಿನ ವ್ಯಾಪಾರ’ ಎಂದು ಬರೆದಿದ್ದೇನೆ.