ಹಳೇ ಮಾಡೆಲ್, ಹೊಸ ಇಸವಿ

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಬಂದವರು ಬಾನೆಟ್ ಎತ್ತಿಸುವ ಮೊದಲೇ ಕೇಳುವ ಪ್ರಶ್ನೆಯೊಂದಿದೆ: ‘ಯಾವ ಮಾಡೆಲ್?’ ಬಂಟ್ವಾಳದ ಬಿ.ಸಿ.ರೋಡ್ ಇರಲಿ, ಬೆಳ್ತಂಗಡಿ ಇರಲಿ, ಮೂಡುಬಿದಿರೆ ಇರಲಿ, ಉತ್ತರ ಇಸವಿಯಲ್ಲೇ ಬರುತ್ತದೆ. ‘2014 ಮಾಡೆಲ್. ಸಿಂಗಲ್ ಓನರ್. ಇನ್ಶೂರೆನ್ಸ್ ಉಂಟು ಮಾರಾಯ್ರೆ.’ ಮಾತು ತುಳುವಿಗೆ ತಿರುಗಿದರೆ ಪ್ರಶ್ನೆ ‘ವಾ ಮಾಡೆಲ್?’ ಎಂದಾಗುತ್ತದೆ, ಉತ್ತರ ಆಗಲೂ ಇಸವಿಯೇ. ಇಂಗ್ಲಿಷಿನಲ್ಲಿ ಆಕಾರ, ಅಚ್ಚು, ನಮೂನೆ ಎಂದೆಲ್ಲ ಅರ್ಥ ಕೊಡುವ ಪದ ನಮ್ಮ ಗ್ಯಾರೇಜುಗಳಿಗೆ ಬರುವಷ್ಟರಲ್ಲಿ ವಯಸ್ಸು ಹೇಳುವ ಪದವಾಗಿಬಿಟ್ಟಿದೆ.

ವಯಸ್ಸಿನ ಪದವಾದ್ದರಿಂದಲೇ ಅದು ಮನುಷ್ಯರಿಗೂ ಅಂಟಿಕೊಂಡಿತು. ‘ಅವರು ಹಳೇ ಮಾಡೆಲ್’ ಎಂಬ ಮಾತಿನ ಅರ್ಥ ಆಡಿದವರ ದನಿಯಲ್ಲಿದೆ. ಮೊಮ್ಮಗಳು ಅಜ್ಜನ ಬಗ್ಗೆ ಹಾಗೆಂದರೆ ಕಾಲಕ್ಕೆ ಹೊಂದಿಕೊಳ್ಳದವರು ಎಂದರ್ಥ. ಅಡಿಕೆ ವ್ಯಾಪಾರಿಯೊಬ್ಬರು ತಮ್ಮ ಹಳೆಯ ಗಿರಾಕಿಯ ಬಗ್ಗೆ ಹಾಗೆಂದರೆ ಕೊಟ್ಟ ಮಾತಿಗೆ ತಪ್ಪದವರು ಎಂದರ್ಥ. ಬೈಗುಳ, ಮೆಚ್ಚುಗೆ ಎರಡಕ್ಕೂ ಒಂದೇ ನುಡಿಗಟ್ಟು. ಈಗ ಕಾರಿನ ಷೋರೂಮುಗಳು ಅದಕ್ಕೊಂದು ಮೂರನೆಯ ಬಾಳು ಕೊಟ್ಟಿವೆ. ಈ ವರ್ಷವೇ ಕಾರ್ಖಾನೆಯಿಂದ ಇಳಿದ ಗಾಡಿ ಬೇಕೆಂದೇ ಹಳೇ ಮಾಡೆಲ್‌ನ ಮುಖ ಹೊತ್ತು ನಿಲ್ಲುತ್ತದೆ. ಜಾಹೀರಾತು ಅದನ್ನು ‘ರೆಟ್ರೋ’ ಎನ್ನುತ್ತದೆ. ಅದು ಚೆಂದವೋ ಅಲ್ಲವೋ ಎಂಬ ವಾದ ಮಾತ್ರ ಮುಗಿಯುವುದೇ ಇಲ್ಲ.

‘ಮಾಡೆಲ್’ ಪದದ ಬೇರು ಲ್ಯಾಟಿನ್ನಿನಲ್ಲಿ ಸಣ್ಣ ಅಳತೆ ಎಂಬ ಅರ್ಥದ್ದು. ಇಟಲಿ, ಫ್ರಾನ್ಸ್ ಹಾದು ಇಂಗ್ಲಿಷಿಗೆ ಬಂತು. ಕನ್ನಡದಲ್ಲಿ ಅದಕ್ಕೆ ಸಮನಾದ ‘ಮಾದರಿ’ ಮೊದಲೇ ಇತ್ತು. ತಮಿಳು, ಮಲಯಾಳಗಳಲ್ಲೂ ಅದರ ಒಡಹುಟ್ಟುಗಳಿವೆ. ಎರಡು ಪದಗಳು ಒಂದೇ ಮನೆಯಲ್ಲಿ ಉಳಿದುಕೊಂಡ ಮೇಲೆ ಕೆಲಸ ಹಂಚಿಕೊಂಡವು. ಮಾದರಿ ರೈತ, ಮಾದರಿ ಶಾಲೆ, ಚುನಾವಣೆಯ ಮಾದರಿ ನೀತಿ ಸಂಹಿತೆ: ಅನುಸರಿಸಬೇಕಾದದ್ದೆಲ್ಲ ಮಾದರಿಯ ಪಾಲಿಗೆ ಹೋಯಿತು. ಕೊಳ್ಳಬೇಕಾದದ್ದು, ಮಾರಬೇಕಾದದ್ದು, ಬೇಗ ಹಳತಾಗುವುದು ಮಾಡೆಲ್‌ನ ಪಾಲಿಗೆ ಬಂತು. ‘ಹಳೇ ಮಾದರಿ ರೈತ’ ಎಂದು ಯಾರೂ ಹಗುರವಾಗಿ ಆಡುವುದಿಲ್ಲ.

ಹಳತಾಗುವುದನ್ನು ಅವಮಾನವಾಗಿಸಿದ್ದು ಕಾರಿನ ಉದ್ಯಮವೇ. ಫೋರ್ಡ್ ಕಂಪೆನಿಯ ಮಾಡೆಲ್ ಟಿ 1908ರಿಂದ 1927ರವರೆಗೆ ಹೆಚ್ಚುಕಡಿಮೆ ಒಂದೇ ರೂಪದಲ್ಲಿ ಬಂತು, ಒಂದೂವರೆ ಕೋಟಿ ಗಾಡಿಗಳು ತಯಾರಾದವು. ಅದನ್ನು ಸೋಲಿಸಲು ಜನರಲ್ ಮೋಟಾರ್ಸ್‌ನ ಆಲ್ಫ್ರೆಡ್ ಸ್ಲೋನ್ 1920ರ ದಶಕದಲ್ಲಿ ಹಿಡಿದ ದಾರಿ ಪ್ರತಿ ವರ್ಷ ರೂಪ ಬದಲಿಸುವುದು. 1927ರಲ್ಲಿ ಹಾರ್ಲಿ ಅರ್ಲ್ ಕೈಕೆಳಗೆ ರೂಪ ಮತ್ತು ಬಣ್ಣಕ್ಕೆಂದೇ ಒಂದು ವಿಭಾಗ ಶುರುವಾಯಿತು. ಓಡುವ ಗಾಡಿ ಕೆಟ್ಟಿರಬೇಕಾಗಿಲ್ಲ, ಪಕ್ಕದ ಮನೆಯದ್ದು ಹೊಸದಾಗಿ ಕಂಡರೆ ಸಾಕು, ಇದು ಹಳೇ ಮಾಡೆಲ್.

ನಮ್ಮಲ್ಲಿ ಆದದ್ದು ಇದರ ತಿರುಗುಮುರುಗು. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಿಂದ 1950ರ ದಶಕದ ಕೊನೆಯಲ್ಲಿ ಹೊರಬಂದ ಅಂಬಾಸಿಡರ್ 2014ರ ಮೇ ತಿಂಗಳಲ್ಲಿ ಉತ್ತರಪಾರಾ ಕಾರ್ಖಾನೆ ನಿಲ್ಲುವವರೆಗೂ ತನ್ನ ಗುಂಡು ಬೆನ್ನನ್ನು ಬಿಡಲಿಲ್ಲ. ಮಾರ್ಕ್ ಎರಡು, ಮೂರು, ನಾಲ್ಕು ಎಂದು ಬದಲಾದದ್ದು ಹೆಚ್ಚಾಗಿ ಮುಂದಿನ ಜಾಲರಿ, ದೀಪದ ಸುತ್ತಲಿನ ಅಂಚು. ಬಾಡಿಗೆ ಕಾರಿನ ಸ್ಟ್ಯಾಂಡಿನಲ್ಲಿ ಸಾಲಾಗಿ ನಿಂತ ಬಿಳಿ ಅಂಬಾಸಿಡರುಗಳಲ್ಲಿ ಎಳೆಯದ್ದು ಯಾವುದು, ಮುದಿಯದ್ದು ಯಾವುದು ಎಂದು ಆಕಾರ ಹೇಳುತ್ತಿರಲಿಲ್ಲ. ಆರ್‌ಸಿ ಪುಸ್ತಕ ಬಿಡಿಸಿ ಇಸವಿ ನೋಡಬೇಕಿತ್ತು. ನಮ್ಮ ಮಾತಿನಲ್ಲಿ ಮಾಡೆಲ್ ಎಂದರೆ ಇಸವಿ ಎಂದು ಗಟ್ಟಿಯಾದದ್ದಕ್ಕೆ ಇದೂ ಒಂದು ಕಾರಣವಿರಬೇಕು. ಆಕಾರ ಸ್ಥಿರವಾಗಿದ್ದ ನಾಡಿನಲ್ಲಿ ಬದಲಾಗುತ್ತಿದ್ದದ್ದು ವರ್ಷವೊಂದೇ.

ಹಳೆಯ ರೂಪ ಉಳಿಸಿಕೊಳ್ಳುವುದು ಮಾತಿನಲ್ಲೂ ಉಂಟು. ತುಳುವಿನಲ್ಲಿ ಹಳೆಯದಕ್ಕೆ ‘ಪರ’, ಹೊಸದಕ್ಕೆ ‘ಪೊಸ’. ಹಳಗನ್ನಡದ ‘ಪೊಸ’ ಕನ್ನಡದಲ್ಲಿ ‘ಹೊಸ’ವಾಗಿ ಬದಲಾಯಿತು, ತುಳುವಿನ ‘ಪೊಸ’ ಹಾಗೇ ಉಳಿಯಿತು. ಹೊಸತು ಎನ್ನುವುದಕ್ಕೆ ಒಂದು ಭಾಷೆ ಹಳೆಯ ರೂಪವನ್ನೇ ಇಟ್ಟುಕೊಂಡು ದಿನವೂ ಬಳಸುತ್ತಿದೆ, ಅದರಿಂದ ಯಾರಿಗೂ ತೊಂದರೆಯಾಗಿಲ್ಲ.

ರೆಟ್ರೋ ಚೆಂದವೋ ಅಲ್ಲವೋ ಎಂಬ ವಾದದ ನಿಜವಾದ ಕಣ ಬೆಳ್ತಂಗಡಿ ತಾಲೂಕು. ದಿಡುಪೆ, ಮಲವಂತಿಗೆ, ನೆರಿಯ, ಚಾರ್ಮಾಡಿಯ ಕಡೆ ಗುಡ್ಡದ ಬುಡದ ತೋಟಗಳಿಗೆ ಹೋಗುವ ಮಣ್ಣಿನ ಏರುದಾರಿಗಳಲ್ಲಿ ಜೀಪು ಮೊದಲಿನಿಂದಲೂ ದುಡಿಮೆಯ ಗಾಡಿ. ಅಡಿಕೆ ಮೂಟೆ, ಗೊಬ್ಬರ, ರಬ್ಬರ್ ಶೀಟು, ಶಾಲೆಗೆ ಹೋಗುವ ಮಕ್ಕಳು, ಮಳೆಗಾಲದ ರಾತ್ರಿ ಆಸ್ಪತ್ರೆಗೆ ಹೊರಟ ರೋಗಿ, ಎಲ್ಲವೂ ಅದರಲ್ಲೇ. ಇಲ್ಲಿನವರಿಗೆ ಜೀಪಿನ ಮುಖ ಸಿನಿಮಾದಲ್ಲಿ ಕಂಡದ್ದಲ್ಲ. 2020ರ ಅಕ್ಟೋಬರ್ 2ರಂದು ಮಹೀಂದ್ರ ಕಂಪೆನಿ ಹೊಸ ಥಾರ್ ಮಾರುಕಟ್ಟೆಗೆ ತಂದಾಗ ಅದರ ಮುಖ ಇಲ್ಲಿ ಎಲ್ಲರಿಗೂ ಪರಿಚಿತವೇ ಆಗಿತ್ತು. ಒಳಗೆ ಟಚ್ ಸ್ಕ್ರೀನು, ಎಸಿ, ಬೇಕಾದರೆ ಆಟೋಮ್ಯಾಟಿಕ್ ಗೇರು. ಹೊರಗೆ ಗುಂಡು ದೀಪ, ಚಪ್ಪಟೆ ಬದಿ, ಉದ್ದುದ್ದ ಸೀಳಿನ ಜಾಲರಿ.

ಅಭಿಪ್ರಾಯಗಳು ಅಲ್ಲಿಂದಲೇ ಕವಲೊಡೆದವು. ಒಂದು ಪಕ್ಷದ ಮಾತು: ಜೀಪು ಜೀಪಿನಂತೆಯೇ ಇರಬೇಕು, ಮಹೀಂದ್ರ 1940ರ ದಶಕದ ಕೊನೆಯಿಂದ ವಿಲ್ಲಿಸ್ ಜೀಪನ್ನೇ ಜೋಡಿಸುತ್ತ ಬಂದದ್ದು, ಇದು ಅವರ ಸ್ವಂತ ಆಸ್ತಿ. ಇನ್ನೊಂದು ಪಕ್ಷಕ್ಕೆ ಇದು ಅಮೆರಿಕದ ಜೀಪ್ ರ‍್ಯಾಂಗ್ಲರ್‌ನ ನಕಲು. ಈ ಎರಡನೆಯ ವಾದ ನ್ಯಾಯಪೀಠದವರೆಗೂ ಹೋಯಿತು. ಮಹೀಂದ್ರ ಅಮೆರಿಕದಲ್ಲಿ ಮಾರುತ್ತಿದ್ದ ರೊಕ್ಸಾರ್ ಗಾಡಿಯ ಮೇಲೆ ಜೀಪ್ ಹೆಸರಿನ ಒಡೆತನವಿದ್ದ ಫಿಯಟ್ ಕ್ರೈಸ್ಲರ್ 2018ರಲ್ಲಿ ಅಲ್ಲಿನ ಅಂತರರಾಷ್ಟ್ರೀಯ ವ್ಯಾಪಾರ ಆಯೋಗಕ್ಕೆ ದೂರು ಕೊಟ್ಟಿತು. 2020ರಲ್ಲಿ ಆಯೋಗ, ರೊಕ್ಸಾರ್‌ನ ರೂಪ ಜೀಪಿನ ‘ಟ್ರೇಡ್ ಡ್ರೆಸ್’ ಹಕ್ಕನ್ನು ಮೀರಿದೆ ಎಂದಿತು. ಮುಂದಿನ ಜಾಲರಿ ಬದಲಿಸಿ ಗಾಡಿ ಮತ್ತೆ ಬಂತು. ವ್ಯಾಪಾರದ ಉಡುಪು ಎಂಬ ಆ ಕಾನೂನಿನ ಮಾತು ಗಮನಿಸಬೇಕಾದದ್ದು: ಗಾಡಿ ಮಾಡುವ ಕೆಲಸ ಬೇರೆ, ತೊಟ್ಟ ಬಟ್ಟೆ ಬೇರೆ ಎಂದು ಅದು ಬಿಡಿಸಿ ಹೇಳುತ್ತದೆ.

ಆದರೆ ಹಳೆಯ ಜೀಪಿಗೆ ಬಟ್ಟೆಯೇ ಕೆಲಸವಾಗಿತ್ತು. ಯುದ್ಧಕಾಲದಲ್ಲಿ ತಗಡನ್ನು ಬೇಗ ಒತ್ತಿ ಮಡಚಲು ಸುಲಭವೆಂದು ಚಪ್ಪಟೆ ಮೈ. ಅಮೆರಿಕದಲ್ಲಿ 1940ರಿಂದ 7 ಇಂಚಿನ ಗುಂಡು ಸೀಲ್ಡ್ ಬೀಮ್ ದೀಪವೇ ನಿಯಮವಾಗಿತ್ತು, ಅದಕ್ಕೆ ಗುಂಡು ಕಣ್ಣು. ನಮ್ಮಲ್ಲಿ ದಶಕಗಟ್ಟಲೆ ಓಡಿದ ಸಿಜೆ3ಬಿ ಜೀಪಿನ ಎತ್ತರದ ಬಾನೆಟ್ಟಿಗೂ ಕಾರಣ ಗತ್ತಲ್ಲ. 1953ರಲ್ಲಿ ಬಂದ ಆ ಗಾಡಿಗೆ ಹಾಕಿದ ಹರಿಕೇನ್ ಎಂಜಿನ್ ಎತ್ತರವಾಗಿತ್ತು, ಹಳೆಯ ಬಾನೆಟ್ಟಿನಡಿ ಹಿಡಿಸಲಿಲ್ಲ.

ಹಾಗಾದರೆ ಇಂದಿನ ಗಾಡಿಯಲ್ಲಿ ಈ ರೂಪಕ್ಕೆ ಕೆಲಸ ಉಳಿದಿದೆಯೇ? ಸ್ವಲ್ಪ ಉಳಿದಿದೆ, ಅದನ್ನು ಒಪ್ಪಬೇಕು. ಥಾರ್‌ನ ಚಕ್ರದಾಚೆ ಮೂಗು ಮುಂದೆ ಚಾಚಿಲ್ಲವಾದ್ದರಿಂದಲೇ ಅದು 41.8 ಡಿಗ್ರಿ ಕೋನದ ದಿಬ್ಬಕ್ಕೆ ಬಂಪರ್ ತಾಗಿಸದೆ ಹತ್ತಬಲ್ಲದು. 650 ಮಿಲಿಮೀಟರ್ ಆಳದ ನೀರನ್ನೂ ಅದು ದಾಟಬಲ್ಲದು. ಹಳ್ಳ ತುಂಬುವ ಬೆಳ್ತಂಗಡಿಯ ಮಳೆಗಾಲದಲ್ಲಿ ಇವು ಅಲಂಕಾರದ ಅಂಕಿಗಳಲ್ಲ. ಗುಂಡು ದೀಪದ ಮಾತು ಬೇರೆ. ಎಲ್‌ಇಡಿ ಯಾವ ಆಕಾರಕ್ಕೂ ಬಗ್ಗುತ್ತದೆ. 2024ರ ಐದು ಬಾಗಿಲಿನ ಥಾರ್ ರಾಕ್ಸ್‌ನಲ್ಲಿ ದೀಪ ಗುಂಡಗಿರುವುದು ನೆನಪಿಗಾಗಿ ಮಾತ್ರ. ನೆನಪಿಗಾಗಿ ಮಾಡಿದ್ದೆಲ್ಲ ಕೆಟ್ಟದ್ದೆಂದೂ ಅಲ್ಲ. ಆದರೆ ಎರಡನ್ನೂ ಒಂದೇ ‘ರೆಟ್ರೋ’ ಚೀಲಕ್ಕೆ ತುಂಬಿದರೆ ಹೊಗಳುವವರೂ ತೆಗಳುವವರೂ ಬೇರೆ ಬೇರೆ ವಸ್ತುಗಳ ಬಗ್ಗೆ ಮಾತಾಡುತ್ತಿರುತ್ತಾರೆ.

ಟಾಟಾ ಸಿಯೆರಾದ ಕಿಟಕಿ ಇದಕ್ಕೆ ಚೊಕ್ಕ ಉದಾಹರಣೆ. 1991ರಲ್ಲಿ ಬಂದ ಮೂರು ಬಾಗಿಲಿನ ಸಿಯೆರಾದಲ್ಲಿ ಹಿಂದಿನ ಗಾಜು ಬದಿಯಿಂದ ಮೇಲಕ್ಕೆ ಬಾಗಿ ಮಾಡಿನವರೆಗೆ ಹೋಗುತ್ತಿತ್ತು. ಹಿಂದಿನ ಸೀಟಿನವರಿಗೆ ಆಕಾಶ ಕಾಣುತ್ತಿತ್ತು, ಆ ಗಾಡಿ ನೆನಪಿನಲ್ಲಿ ಉಳಿದದ್ದೇ ಆ ಗಾಜಿನಿಂದ. 2025ರ ನವೆಂಬರಿನಲ್ಲಿ ಅದೇ ಹೆಸರಿನ ಐದು ಬಾಗಿಲಿನ ಕಾರು ಬಂದಾಗ ಆ ಒಂದೇ ಗಾಜು ಇರಲಿಲ್ಲ. ಕಪ್ಪು ಹೊಳಪಿನ ಹೊದಿಕೆಗಳು ಸೇರಿ ದೂರದಿಂದ ಆ ಗಾಜಿನ ನೋಟ ಕೊಡುತ್ತವೆ. ಹೆಚ್ಚು ಬಾಗಿಲು ಬೇಕು, ಉರುಳಿದರೆ ತಡೆಯುವ ಗಟ್ಟಿ ಕಂಬ ಬೇಕು, ಆದ್ದರಿಂದ ಹೀಗೆ ಮಾಡಬೇಕಾಯಿತು ಎನ್ನುವವರಿಗೆ ನ್ಯಾಯವಿದೆ. ಗಾಜು ಹೋದ ಮೇಲೆ ಗಾಜಿನ ಚಿತ್ರ ಏಕೆ ಎನ್ನುವವರಿಗೂ ನ್ಯಾಯವಿದೆ. ತೂಗಿ ನೋಡಿದರೆ ಎರಡನೆಯವರ ಮಾತೇ ಹೆಚ್ಚು ಭಾರ. ಹಿಂದೆ ಕೂತ ಮಗುವಿಗೆ ಆಕಾಶ ಕಾಣಿಸುವುದು ಆ ರೂಪದ ಕೆಲಸವಾಗಿತ್ತು, ಕಪ್ಪು ಹೊದಿಕೆ ಆ ಕೆಲಸ ಮಾಡುವುದಿಲ್ಲ.

ಹೊರದೇಶಗಳಲ್ಲೂ ಜಗಳದ ಬಗೆ ಇದೇ. ಫೋಕ್ಸ್‌ವ್ಯಾಗನ್ 1990ರ ದಶಕದ ಕೊನೆಯಲ್ಲಿ ಹೊಸ ಬೀಟಲ್ ತಂದಿತು. ಹಳೆಯದಕ್ಕೆ ಎಂಜಿನ್ ಹಿಂದೆ ಇದ್ದುದರಿಂದ ಮೂಗು ಗುಂಡಗಿತ್ತು. ಹೊಸದಕ್ಕೆ ಎಂಜಿನ್ ಮುಂದೆ, ಗುಂಡು ಮಾತ್ರ ಹಾಗೇ ಉಳಿಯಿತು. 1959ರ ಮಿನಿ ಮೂರು ಮೀಟರ್ ಉದ್ದದಲ್ಲಿ ನಾಲ್ವರನ್ನು ಕೂರಿಸಿದ ಜಾಣತನ. ಬಿಎಂಡಬ್ಲ್ಯು 2001ರಲ್ಲಿ ತಂದ ಮಿನಿ ಅದಕ್ಕಿಂತ ಅರ್ಧ ಮೀಟರಿಗೂ ಹೆಚ್ಚು ಉದ್ದ. ಎರಡೂ ಬಹಳ ಜನರ ಮೆಚ್ಚಿನ ಕಾರುಗಳಾದವು. ನಮ್ಮದೇ ರಾಜ್ಯದ ನೆನಪೂ ಈ ಸಾಲಿಗೆ ಸೇರುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಡೆಯಿತು. 2018ರಲ್ಲಿ ಜಾವಾ ಹೆಸರು ಮರಳಿ ಬಂದಾಗ ನೀರಿನಿಂದ ತಣಿಯುವ ಎಂಜಿನ್ನಿಗೂ ಗಾಳಿಗೆ ತಣಿಯುತ್ತಿದ್ದ ಹಳೆಯ ಎಂಜಿನ್ನಿನ ಫಿನ್ನುಗಳನ್ನೇ ಇಟ್ಟರು.

ಹೊಸ ವಸ್ತುವಿಗೆ ಹಳೆಯ ರೂಪ ತೊಡಿಸುವುದು ಮೋಸ ಎಂದು ಸಾರಾಸಗಟಾಗಿ ಹೇಳುವವರು ಮೂಡುಬಿದಿರೆಗೆ ಒಮ್ಮೆ ಹೋಗಿ ನಿಲ್ಲಬೇಕು. 1430ರ ಸಾವಿರ ಕಂಬದ ಬಸದಿಯ ಕೆಳಮಾಡು ಇಳಿಜಾರಾಗಿದೆ. ಕರಾವಳಿಯ ಮಳೆಗೆ ಮರದ ಪಕ್ಕಾಸು ಇಟ್ಟು ಕಟ್ಟುತ್ತಿದ್ದ ಮಾಡಿನ ಇಳಿಜಾರು ಅದು. ಹೊದೆಸಿದ್ದು ಮಾತ್ರ ಕಲ್ಲಿನ ಚಪ್ಪಡಿ. ವಾಸ್ತು ಇತಿಹಾಸಕಾರ ಜೇಮ್ಸ್ ಫರ್ಗ್ಯುಸನ್ 19ನೇ ಶತಮಾನದಲ್ಲಿ ಇಲ್ಲಿನ ಬಸದಿಗಳ ಬಗ್ಗೆ ಬರೆಯುತ್ತ, ಮರದ ಕಟ್ಟಡದ ರೂಪವೇ ಕಲ್ಲಿಗೆ ಇಳಿದಿದೆ ಎಂದು ಗುರುತಿಸಿ ನೇಪಾಳದ ಕಟ್ಟಡಗಳಿಗೆ ಹೋಲಿಸಿದ. ಕಲ್ಲುಕುಟಿಗರು ಬಡಗಿಗಳ ರೂಪವನ್ನು ಎತ್ತಿಕೊಂಡರು, ಏಕೆಂದರೆ ಮಳೆ ಬದಲಾಗಿರಲಿಲ್ಲ. ಆರು ಶತಮಾನಗಳ ನಂತರವೂ ಆ ಮಾಡು ನೀರನ್ನು ಹೊರಗೆ ಕಳಿಸುತ್ತಿದೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ ಈಗ ಏಳುತ್ತಿರುವ ಎಷ್ಟೋ ಹೊಸ ಮನೆಗಳಿಗೆ ಗುತ್ತಿನ ಮನೆಯ ನೋಟ ಬೇಕು. ಕಾಂಕ್ರೀಟನ್ನೇ ಇಳಿಜಾರಾಗಿ ಹಾಕಿ ಅದರ ಮೇಲೆ ಮಂಗಳೂರು ಹಂಚು ಅಂಟಿಸುತ್ತಾರೆ, ಕಳಚಿದ ಹಳೆಯ ಮನೆಯ ಮರದ ಕಂಬ ತಂದು ಚಾವಡಿಗೆ ನಿಲ್ಲಿಸುತ್ತಾರೆ. ಇಳಿಜಾರು ಮಳೆಗೆ ಒದಗುತ್ತದೆ. ಹಂಚಿಗೆ ಮೊದಲಿದ್ದ ಕೆಲಸ, ಸಂದಿಯಲ್ಲಿ ಗಾಳಿ ಆಡಿಸಿ ಮನೆ ತಂಪಾಗಿಡುವುದು, ಕಾಂಕ್ರೀಟಿನ ಮೇಲೆ ಕೂತಾಗ ಕೈಬಿಟ್ಟುಹೋಗುತ್ತದೆ. ಒಂದೇ ಮಾಡಿನಲ್ಲಿ ಅರ್ಧ ನಿಜ, ಅರ್ಧ ಉಡುಪು.

ಪದಗಳ ವಿಚಾರಕ್ಕೆ ಮರಳಿದರೆ, ‘ವಿಂಟೇಜ್’ ಎಂಬುದು ದ್ರಾಕ್ಷಿಯ ಸುಗ್ಗಿಯಿಂದ ಹುಟ್ಟಿ ಹಳೆಯ ಕಾರಿಗೆ ಬಂದದ್ದು. ‘ರೆಟ್ರೋ’ ಎಂದರೆ ಲ್ಯಾಟಿನ್ನಿನಲ್ಲಿ ಹಿಂದಕ್ಕೆ. ಬೆಳ್ತಂಗಡಿ ತಾಲೂಕಿನವರಿಗೆ ಮೊದಲನೆಯದು ಪುಸ್ತಕದ ಪದವಲ್ಲ, ಧರ್ಮಸ್ಥಳದಲ್ಲಿ ಕಣ್ಣಾರೆ ಕಾಣುವಂಥದ್ದು. 1968ರಲ್ಲಿ ಧರ್ಮಾಧಿಕಾರಿಯಾದ ಡಿ. ವೀರೇಂದ್ರ ಹೆಗ್ಗಡೆಯವರು ಪ್ರೀತಿಯಿಂದ ಕೂಡಿಸಿದ ಹಳೆಯ ಕಾರುಗಳ ಸಂಗ್ರಹಾಲಯ ಅಲ್ಲಿದೆ. ದರ್ಶನ ಮುಗಿಸಿ ಬಂದ ಕುಟುಂಬಗಳು ಅಲ್ಲಿ ಓಡಾಡುವಾಗ ಮಕ್ಕಳು ಷೋರೂಮಿನ ಹೊಸ ಗಾಡಿಯ ಮುಖವನ್ನು ಅದರ ಮುತ್ತಜ್ಜನಲ್ಲಿ ಗುರುತಿಸಬಹುದು. ಅಲ್ಲಿ ದೀಪವೊಂದು ಗುಂಡಗಿದ್ದರೆ ಅದು ನೆನಪಿಗಾಗಿ ಗುಂಡಗಿರುವುದಲ್ಲ.

ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ವಿಂಟೇಜ್ ವಾಹನಕ್ಕೆ ಬರೆದ ನಿಯಮ ಸ್ಪಷ್ಟವಾಗಿದೆ: 50 ವರ್ಷ ದಾಟಿರಬೇಕು, ಚಾಸಿ, ಮೈ, ಎಂಜಿನ್ ಮೂಲರೂಪದಲ್ಲಿರಬೇಕು, ನೋಂದಣಿ ಶುಲ್ಕ 20,000 ರೂಪಾಯಿ, ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರಗಳು. ಆ ಲೆಕ್ಕದಲ್ಲಿ 2020ರ ಥಾರ್ ವಿಂಟೇಜ್ ಆಗಲು 2070 ಬರಬೇಕು. ವಿಲ್ಲಿಸ್ ಕಾಲದ ಜೀಪನ್ನು ಅಷ್ಟು ವರ್ಷ ಉಳಿಸಿದ್ದು ಊರಿನ ವೆಲ್ಡಿಂಗ್ ಶಾಪು, ಟಿಂಕರಿಂಗ್ ಮಾಡುವವರ ಸುತ್ತಿಗೆ. ಹೊಸದರಲ್ಲಿ ಗೇರು, ಬ್ರೇಕು, ಎಂಜಿನ್ ಎಲ್ಲದರ ನಡುವೆ ಕಂಪ್ಯೂಟರ್ ಕೂತಿದೆ, ಅದರ ಬಿಡಿಭಾಗ ಸಿಕ್ಕರೆ ಮಾತ್ರ ರಿಪೇರಿ. ಹಳೇ ಮಾಡೆಲ್‌ನ ಮುಖವನ್ನು ಇಷ್ಟು ಅಕ್ಕರೆಯಿಂದ ಮರಳಿ ಕೊಟ್ಟ ಕಂಪೆನಿಗಳು ಬಿಡಿಭಾಗಗಳನ್ನು, ರಿಪೇರಿಯ ಕೈಪಿಡಿಯನ್ನು ಊರಿನ ಗ್ಯಾರೇಜಿಗೂ ಎಷ್ಟು ವರ್ಷ ಕೊಡುತ್ತವೆ ಎಂದು ಬುಕಿಂಗ್ ಮಾಡುವ ಹೊತ್ತಿನಲ್ಲೇ ಕೇಳಿ, ಬರಹದಲ್ಲಿ ಉತ್ತರ ಪಡೆಯುವುದು ಒಳ್ಳೆಯದು.