ಧೊಂಡಿಯ ವಾಘನ ಸ್ವಾಮಿದ್ರೋಹ: ತುಂಗಭದ್ರೆಯ ಗಡಿಯಿಂದ ಒಂದು ಮರುಪರಿಶೀಲನೆ

ಧೊಂಡಿಯ ವಾಘ್ ಇಂದಿನ ದಾವಣಗೆರೆ ಜಿಲ್ಲೆಯ ಚನ್ನಗಿರಿಯಲ್ಲಿ ಹುಟ್ಟಿದವನು, ಪವಾರ್ ಮನೆತನದ ಮರಾಠ. ಹೈದರಾಲಿಯ ಕುದುರೆಪಡೆಗೆ ಸಾಮಾನ್ಯ ಸವಾರನಾಗಿ ಸೇರಿ, ಮುಂದೆ ಟಿಪ್ಪುವಿನ ದಂಡಿನಲ್ಲಿಯೂ ಇದ್ದ. ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಮೈಸೂರಿನ ಮೇಲೆ ಏರಿಬಂದ 1791-92ರ ಯುದ್ಧದ ನಡುವೆ ಕೈಗೆ ಸಿಕ್ಕ ಕೊಳ್ಳೆಯೊಂದಿಗೆ ಕೆಲವೇ ಸವಾರರನ್ನು ಕರೆದುಕೊಂಡು ಧಾರವಾಡದ ಕಡೆಗೆ ಪಲಾಯನ ಮಾಡಿದ. ಅವನ ಮೇಲಿನ ಸ್ವಾಮಿದ್ರೋಹದ ಆರೋಪಕ್ಕೆ ಇದೇ ಮೂಲ. ಉಂಡ ಮನೆ ಉರಿಯುತ್ತಿರುವಾಗ ಬಿಟ್ಟುಹೋದ ಈ ನಡತೆಯನ್ನು ನಂತರದ ಯಾವ ಸಾಹಸವೂ ಅಳಿಸಲಾರದು.

ಆ ಯುದ್ಧವನ್ನು ಮುಗಿಸಿದ 1792ರ ಒಪ್ಪಂದದಿಂದ ತುಂಗಭದ್ರೆಯೇ ಮೈಸೂರಿಗೂ ಮರಾಠರಿಗೂ ಗಡಿಯಾಯಿತು. ಬಲದಂಡೆಯ ಹರಿಹರ ಗಡಿಯ ಊರಾಯಿತು. ಎದುರು ದಡದಾಚೆಗೆ ರಾಣೆಬೆನ್ನೂರಿನ ಸೀಮೆ. ಹೊಳೆ ದಾಟಿದರೆ ಒಡೆಯನೇ ಬೇರೆ. ಒಬ್ಬನ ಕಡೆಯ ಅಪರಾಧಿಗೆ ಇನ್ನೊಬ್ಬನ ಕಡೆ ಆಶ್ರಯ ಸಿಗುವ ಇಂಥ ನೆಲದಲ್ಲಿ ಧೊಂಡಿಯ ಬೆಳೆದ. ಹಾವೇರಿ, ಸವಣೂರುಗಳನ್ನು ಹಿಡಿದ. ಪೇಶ್ವೆಯ ಸರದಾರ ಧೊಂಡೋಪಂತ ಗೋಖಲೆ ಅಟ್ಟಿಸಿಕೊಂಡು ಬಂದಾಗ ಮತ್ತೆ ಮೈಸೂರನ್ನೇ ನೆಚ್ಚಿದ. 1794ರಲ್ಲಿ ಸುಮಾರು ಇನ್ನೂರು ಸವಾರರೊಡನೆ ಶ್ರೀರಂಗಪಟ್ಟಣಕ್ಕೆ ಬಂದವನನ್ನು ಟಿಪ್ಪು ಮೊದಲು ಆದರಿಸಿದ. ಧೊಂಡಿಯ ಇಸ್ಲಾಂಗೆ ಮತಾಂತರಗೊಂಡು ಮಲಿಕ್ ಜಹಾನ್ ಖಾನ್ ಎಂಬ ಹೆಸರು ಪಡೆದ. ಕೆಲಕಾಲದಲ್ಲೇ ವಿಶ್ವಾಸ ಮುರಿದು, ಕೋಟೆಯ ಸೆರೆಮನೆಯಲ್ಲಿ ಸಂಕೋಲೆಗೆ ಬಿದ್ದ.

1799ರ ಮೇ 4ರಂದು ಕೋಟೆ ಬ್ರಿಟಿಷರ ಕೈಗೆ ಬಿದ್ದ ಗದ್ದಲದಲ್ಲಿ ಬಿಡುಗಡೆಯಾಯಿತು. ಟಿಪ್ಪುವಿನ ದಂಡು ಚದುರಿ ಸಂಬಳ ನಿಂತ ಸವಾರರಿಗೆ ದಾರಿ ಕಾಣುತ್ತಿರಲಿಲ್ಲ. ಅವರೇ ಧೊಂಡಿಯನ ಬಂಡವಾಳ. ಬಿದನೂರಿನ ಸೀಮೆಯಲ್ಲಿ ಶಿಕಾರಿಪುರ ಮೊದಲಾದ ಕೋಟೆಗಳನ್ನು ಹಿಡಿದವನ ಮೇಲೆ ಕರ್ನಲ್ ಸ್ಟೀವನ್‌ಸನ್ ಮತ್ತು ಕರ್ನಲ್ ಡಾಲ್ರಿಂಪಲ್ ಪಡೆ ತಂದರು. ಅವರಿಗೆ ಸಿಗದೆ ಮರಾಠರ ನೆಲಕ್ಕೆ ನುಸುಳಿದವನ ಪಾಳೆಯದ ಮೇಲೆ ಗೋಖಲೆ ಬಿದ್ದ. ಆದರೂ ಮರುವರ್ಷ ಅವನ ಹಿಂದೆ ಸಾವಿರಾರು ಕುದುರೆಗಳಿದ್ದವು. ಎರಡು ಲೋಕಗಳ ಒಡೆಯನೆಂದು ಬಿರುದು ಹಚ್ಚಿಕೊಂಡಿದ್ದ. ಸಿಕ್ಕಲ್ಲಿ ಮರಕ್ಕೆ ನೇತುಹಾಕಿ ಎಂದು ಮದ್ರಾಸ್ ಸರಕಾರ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿಗೆ ಆಜ್ಞೆ ಕೊಟ್ಟಿತು. ಅರಸರಿಗೆ ಸಲ್ಲುವ ಯುದ್ಧಮರ್ಯಾದೆ ಅವನಿಗಿಲ್ಲ ಎಂಬುದೇ ಇದರ ಅರ್ಥ.

1800ರ ಜೂನ್ ಕೊನೆಯಲ್ಲಿ ವೆಲ್ಲೆಸ್ಲಿಯ ಪಡೆ ಹರಿಹರದಲ್ಲಿ ತುಂಗಭದ್ರೆ ದಾಟಿತು. ಅದು ಮಳೆಗಾಲ. ಹೊಳೆ ತುಂಬಿದಾಗ ಹಗುರ ಸವಾರರ ದಂಡು ಕಟ್ಟಿಹಾಕಿದಂತಾಗುತ್ತದೆ. ಹರಿಗೋಲು ಉಳ್ಳವನೇ ದಾಟುವವನು. ಬಿದಿರಿನ ಬುಟ್ಟಿಗೆ ಚರ್ಮ ಹೊದಿಸಿದ ಆ ದುಂಡನೆಯ ದೋಣಿ ತೋಪಿನಷ್ಟೇ ಮುಖ್ಯವಾಯಿತು ಎಂದರೆ ಅತಿಶಯವಲ್ಲ. ಜೂನ್ 27ರಂದು ರಾಣೆಬೆನ್ನೂರು ಬಿತ್ತು. ಅದೇ ತಿಂಗಳ 30ರಂದು ಕಿತ್ತೂರಿನ ಬಳಿ ಧೊಂಡಿಯ ಹಳೆಯ ವೈರಿ ಗೋಖಲೆಯನ್ನು ಕೊಂದ. ಅವನ ರಕ್ತದಲ್ಲಿ ಮೀಸೆ ಅದ್ದಿ ಪ್ರತಿಜ್ಞೆ ತೀರಿಸಿದನೆಂಬ ಮಾತು ಪ್ರಸಿದ್ಧ. ಕುಂದಗೋಳ, ಡಂಬಳ ಕೈತಪ್ಪಿದವು. ಜುಲೈ 30ರಂದು ಮಲಪ್ರಭೆಯ ದಡದ ಮನೋಳಿಯಲ್ಲಿ ಅವನ ಪಾಳೆಯ ನುಚ್ಚುನೂರಾಗಿ, ಅನೇಕರು ಹೊಳೆಯಲ್ಲಿ ಮುಳುಗಿದರು. ಸೆಪ್ಟೆಂಬರ್ 10ರಂದು ನಿಜಾಮನ ಸೀಮೆಯ ಕೋಣಗಲ್ಲಿನಲ್ಲಿ ಸುಮಾರು ಐದು ಸಾವಿರ ಸವಾರರ ಎದುರು ವೆಲ್ಲೆಸ್ಲಿ ತನ್ನ ನಾಲ್ಕು ಕುದುರೆ ರೆಜಿಮೆಂಟುಗಳನ್ನು ಒಂದೇ ಸಾಲಾಗಿ ನಿಲ್ಲಿಸಿ ನುಗ್ಗಿಸಿದ. ಧೊಂಡಿಯ ಅಲ್ಲೇ ಸತ್ತ. ಹೆಣವನ್ನು ತೋಪಿನ ಗಾಡಿಗೆ ಕಟ್ಟಿ ಪಾಳೆಯಕ್ಕೆ ತಂದರು.

ಬ್ರಿಟಿಷರ ಕಾಗದಗಳಲ್ಲಿ ಅವನು ದರೋಡೆಕೋರ. ಇತ್ತೀಚಿನ ಬರಹಗಳಲ್ಲಿ ಸ್ವಾತಂತ್ರ್ಯ ಹೋರಾಟಗಾರ. ಎರಡನೆಯ ಮಾತಿಗೆ 1799ರ ನಂತರದ ಹದಿನಾರು ತಿಂಗಳು ಮಾತ್ರ ಆಧಾರ, ಅದಕ್ಕೂ ಹಿಂದಿನದನ್ನು ಅದು ಕಡೆಗಣಿಸುತ್ತದೆ. ಮೊದಲನೆಯದು ಗೆದ್ದವರ ಮಾತು. ಟಿಪ್ಪುವನ್ನು ಬಿಟ್ಟದ್ದು ದ್ರೋಹವೇ ಸರಿ. ಆದರೆ ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿಗೆ ಅವನು ಎಂದೂ ನಿಷ್ಠೆ ಒಪ್ಪಿಸಿರಲಿಲ್ಲ, ಅಲ್ಲಿ ದ್ರೋಹದ ಪ್ರಶ್ನೆಯೇ ಏಳದು.

ಕೋಣಗಲ್ಲಿನ ಸಾಮಾನುಗಳ ನಡುವೆ ಸಿಕ್ಕ ನಾಲ್ಕರ ಆಸುಪಾಸಿನ ಅವನ ಮಗ ಸಲಾಬತ್ ಖಾನನನ್ನು ವೆಲ್ಲೆಸ್ಲಿ ಸಾಕಿಸಿದ, ಭಾರತ ಬಿಡುವಾಗ ಅವನಿಗಾಗಿ ಹಣವನ್ನೂ ಇಟ್ಟ. ಆ ಹುಡುಗ ಬೆಳೆದು ಮೈಸೂರು ಅರಸರ ಚಾಕರಿಗೆ ಸೇರಿ, 1822ರಲ್ಲಿ ಕಾಲರಾದಿಂದ ತೀರಿಕೊಂಡ.